ಆಟಕ್ಕುಂಟು, ಲೆಕ್ಕಕ್ಕಿಲ್ಲ

ಯಜಮಾನನೊಬ್ಬ ತನ್ನ ಮನೆಯ ಅಡುಗೆಯವಳನ್ನೇ ಮದುವೆಯಾದರೆ ದೇಶದ ಆದಾಯ ಕಡಿಮೆಯಾಗುತ್ತದೆ! ನಗಬೇಡಿ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರ ತನ್ನ ಗ್ರಂಥದಲ್ಲಿ ಕೊಟ್ಟ ಉದಾಹರಣೆ ಇದು. ನಿನ್ನೆಯವರೆಗೆ ಆಕೆಗೆ ಸಂಬಳವಿತ್ತು, ಆದ್ದರಿಂದ ಆಕೆಯ ಅಡುಗೆ ರಾಷ್ಟ್ರೀಯ ಆದಾಯಕ್ಕೆ ಸೇರಿತ್ತು. ಮದುವೆಯಾದ ಮೇಲೆ ಅದೇ ಒಲೆ, ಅದೇ ಕೈ, ಅದೇ ರುಚಿ. ಸಂಬಳ ಮಾತ್ರ ನಿಂತಿತು. ಅದರ ಜೊತೆಗೆ ಆಕೆಯೂ ಲೆಕ್ಕದ ಪುಸ್ತಕದಿಂದ ಮಾಯವಾದಳು. ಇದು ವಿಚಿತ್ರವೆಂದು ಪಿಗೂಗೆ ಅನಿಸಿತ್ತು. ನೂರು ವರ್ಷ ದಾಟಿದರೂ ಆ ವಿಚಿತ್ರವನ್ನು ನಾವು ಸರಿಪಡಿಸಿಲ್ಲ, ಬಾಯಿಪಾಠ ಮಾಡಿಸುತ್ತಿದ್ದೇವೆ.

ಮಾಡಿಸುವವರಲ್ಲಿ ನಾನೂ ಒಬ್ಬಳು. ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವುದು ನನ್ನ ಕೆಲಸ. ರಾಷ್ಟ್ರೀಯ ಆದಾಯದ ಪಾಠದ ಕೊನೆಯಲ್ಲಿ ಜಿ.ಡಿ.ಪಿ.ಯ ಮಿತಿಗಳನ್ನು ಹೇಳುವಾಗ, ಹೆಂಗಸರ ಮನೆಗೆಲಸಕ್ಕೆ ಹಣ ಸಿಗುವುದಿಲ್ಲ, ಆದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ ಎಂಬ ಮಾತು ಬರುತ್ತದೆ. ಮಕ್ಕಳು ಅದರ ಕೆಳಗೆ ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ. ದೇಶದ ಅರ್ಧದಷ್ಟು ಜನರ ದುಡಿಮೆ ಒಂದು ಗೆರೆಯಲ್ಲಿ ಮುಗಿಯಿತು!

ಹಣ ಕೈ ಬದಲಾಯಿಸದಿದ್ದರೆ ಲೆಕ್ಕವಿಲ್ಲ ಎನ್ನುವುದು ನಿಜವಾದ ನಿಯಮವೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಅದು ನಿಜವಲ್ಲ. ನೀವು ಸ್ವಂತ ಮನೆಯಲ್ಲಿದ್ದೀರಿ, ಯಾರಿಗೂ ಬಾಡಿಗೆ ಕೊಡುವುದಿಲ್ಲ. ಆದರೂ ಆ ಮನೆಗೆ ಇಷ್ಟು ಬಾಡಿಗೆ ಬರುತ್ತಿತ್ತು ಎಂದು ಅಂದಾಜು ಮಾಡಿ ಅದನ್ನು ಜಿ.ಡಿ.ಪಿ.ಗೆ ಸೇರಿಸುತ್ತಾರೆ. ರೈತ ಮಾರದೆ ಮನೆ ಊಟಕ್ಕೆಂದು ಇಟ್ಟುಕೊಂಡ ರಾಗಿಗೂ ಬೆಲೆ ಕಟ್ಟಿ ಸೇರಿಸುತ್ತಾರೆ. ಅಂದರೆ ಗೋಡೆಗೆ ಬೆಲೆಯಿದೆ, ಆ ಗೋಡೆಗಳ ನಡುವೆ ಕಸ ಗುಡಿಸಿ ನೆಲ ಒರೆಸುವವಳ ಕೆಲಸಕ್ಕಿಲ್ಲ. ರಾಗಿಗೆ ಬೆಲೆಯಿದೆ, ಅದನ್ನು ಮುದ್ದೆ ಮಾಡಿ ಬಡಿಸಿದವಳ ಕೆಲಸಕ್ಕಿಲ್ಲ. ಲೆಕ್ಕ ಹಾಕಲು ಬಾರದೆ ಹೀಗಾಯಿತೇ? ಅಲ್ಲ. ಹಾಕಬೇಕೆಂಬ ಮನಸ್ಸಿರಲಿಲ್ಲ.

ಮನಸ್ಸಿದ್ದವರು ಹಾಕಿಯೇ ತೋರಿಸಿದ್ದಾರೆ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನದ ಸಮಯವನ್ನು ಅಳೆಸಿದರು. ಸರ್ಕಾರ 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ಇದನ್ನು ಮಾಡಿತು. ಆ ಆರರಲ್ಲಿ ಕರ್ನಾಟಕ ಇರಲಿಲ್ಲ. ಇಡೀ ದೇಶದ ಸಮಯ ಬಳಕೆ ಸಮೀಕ್ಷೆ ನಡೆದದ್ದು 2019ರಲ್ಲಿ, ಮತ್ತೆ 2024ರಲ್ಲಿ. 2024ರ ಲೆಕ್ಕ ಕೇಳಿ: ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿಯುತ್ತಾರೆ, ಗಂಡಸರು 88 ನಿಮಿಷ. ಅಬ್ಬಾ, ಗಂಡಸರೂ ಒಂದೂವರೆ ಗಂಟೆ ಮಾಡುತ್ತಾರಲ್ಲ ಎನ್ನಬೇಡಿ. ಅದು ಕೈ ಹಾಕಿದವರ ಸರಾಸರಿ ಮಾತ್ರ. ಸಮೀಕ್ಷೆಯ ದಿನ ಮನೆಗೆಲಸಕ್ಕೆ ಕೈ ಹಾಕಿದವರು 2019ರಲ್ಲಿ ನೂರಕ್ಕೆ 81 ಹೆಂಗಸರು, 26 ಗಂಡಸರು.

ಲೆಕ್ಕಕ್ಕೆ ಬಾರದಿದ್ದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಅಪಘಾತದಲ್ಲಿ ಗೃಹಿಣಿಯೊಬ್ಬಳು ಸತ್ತರೆ ಪರಿಹಾರ ಎಷ್ಟು ಎಂಬ ಪ್ರಶ್ನೆ ಕೋರ್ಟಿಗೆ ಬಂದಾಗ ಈ ನಷ್ಟ ಕಣ್ಣಿಗೆ ಕಾಣುತ್ತದೆ. 'ಆಕೆಗೆ ಆದಾಯವೇ ಇರಲಿಲ್ಲವಲ್ಲ' ಎಂಬ ವಾದ ಶುರುವಾಗುವುದು ಅಲ್ಲಿಯೇ. 2010ರಲ್ಲಿ ಇಂಥದೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರ ಜನಗಣತಿಯನ್ನೇ ತರಾಟೆಗೆ ತೆಗೆದುಕೊಂಡಿತು. ಸುಮಾರು 36 ಕೋಟಿ ಹೆಂಗಸರನ್ನು ಆ ಗಣತಿ 'ಕೆಲಸ ಮಾಡದವರು' ಎಂದು, ಭಿಕ್ಷುಕರು ಮತ್ತು ಕೈದಿಗಳ ಸಾಲಿನಲ್ಲಿ ಸೇರಿಸಿತ್ತು! 2021ರ ಜನವರಿಯಲ್ಲಿ ಮತ್ತೊಂದು ತೀರ್ಪು ಬರೆಯುವಾಗ ಅದೇ ನ್ಯಾಯಾಲಯ 2019ರ ಸಮೀಕ್ಷೆಯ ನಿಮಿಷಗಳನ್ನೇ ಎತ್ತಿ ಹೇಳಿತು. ನೋಡಿ, ಅಳೆದದ್ದು ಸಾಕ್ಷಿಯಾಗುತ್ತದೆ. ಅಳೆಯದೆ ಬಿಟ್ಟದ್ದು 'ಸುಮ್ಮನೆ ಮನೆಯಲ್ಲಿದ್ದಳು' ಎಂದಾಗುತ್ತದೆ.

ಇನ್ನು ಗೃಹಲಕ್ಷ್ಮಿಯ ಮಾತು. 2023ರ ಆಗಸ್ಟಿನಲ್ಲಿ ತಿಂಗಳಿಗೆ 2000 ರೂಪಾಯಿಯ ಈ ಯೋಜನೆ ಶುರುವಾದಾಗಿನಿಂದ 'ಹೆಂಗಸರಿಗೆ ಬಿಟ್ಟಿ ದುಡ್ಡು' ಎಂಬ ಗೊಣಗಾಟವನ್ನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಅದು ಕೂಲಿಯಲ್ಲ, ನಿಜ. ಆದರೂ ಬಿಟ್ಟಿ ಎನ್ನುವವರಿಗಾಗಿ ಒಂದು ಗುಣಾಕಾರ: ದಿನಕ್ಕೆ 289 ನಿಮಿಷವೆಂದರೆ ತಿಂಗಳಿಗೆ 144 ಗಂಟೆಗೂ ಹೆಚ್ಚು. ಅದರಿಂದ 2000ವನ್ನು ಭಾಗಿಸಿದರೆ ಗಂಟೆಗೆ 14 ರೂಪಾಯಿಯೂ ಬೀಳುವುದಿಲ್ಲ. ಯಾರಿಂದ ಯಾರಿಗೆ ಬಿಟ್ಟಿ?

'ತಾಯಿಯ ಪ್ರೀತಿಗೆ ಬೆಲೆ ಕಟ್ಟುತ್ತೀರಾ?' ಎಂದು ಕೆಲವರಿಗೆ ಕಣ್ಣು ತುಂಬಿ ಬರುತ್ತದೆ. ಪ್ರೀತಿಯನ್ನು ಯಾರೂ ಅಳೆಯುತ್ತಿಲ್ಲ, ಸ್ವಾಮಿ. ಪಾತ್ರೆ ತೊಳೆಯುವ ಹೊತ್ತನ್ನು ಅಳೆಯಿರಿ ಎನ್ನುತ್ತಿದ್ದೇವೆ. ಸೈನಿಕನ ದೇಶಪ್ರೇಮಕ್ಕೂ ಬೆಲೆಯಿಲ್ಲ. ಹಾಗೆಂದು ಅವನ ಸಂಬಳವನ್ನು ಯಾರೂ ತಡೆದಿಲ್ಲ.

ನನ್ನ ವೃತ್ತಿಯವರಿಗೆ ನೇರವಾಗಿ ಒಂದು ಮಾತು. ಈ ಸಮೀಕ್ಷೆಯ ವರದಿ ಬಿಟ್ಟಿಯಾಗಿಯೇ ಸಿಗುತ್ತದೆ, ಗೈಡು ಕೊಳ್ಳುವ ಖರ್ಚೂ ಇಲ್ಲ. ಅದನ್ನು ತರಗತಿಗೆ ತನ್ನಿ. ಸಮೀಕ್ಷೆಯವರು ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧರ್ಧ ಗಂಟೆಯ ಲೆಕ್ಕ ಬರೆಯುತ್ತಾರೆ. ಅದೇ ರೀತಿ ಮಕ್ಕಳು ತಮ್ಮ ಮನೆಯ ಎಲ್ಲರ ಒಂದು ದಿನವನ್ನು ಬರೆದು ತರಲಿ. ನಾನು ಮಾಡಿಸಿದ್ದೇನೆ. ಹುಡುಗನೊಬ್ಬ ತಾಯಿಯ ಸಂಜೆಯ ಒಂದು ಮನೆಯಲ್ಲಿ 'ಟೀವಿ ನೋಡುತ್ತಿದ್ದಳು' ಎಂದು ಬರೆದಿದ್ದ. ಅದರ ಪಕ್ಕದಲ್ಲೇ ಸಣ್ಣಗೆ 'ಹುರುಳಿಕಾಯಿ ಸೋಸುತ್ತ' ಎಂದು ಸೇರಿಸಿದ್ದ. ಆ ಎರಡು ಪದ ಬರೆಯಲು ಅವನು ತಾಯಿಯ ಕೈಗಳನ್ನು ನೋಡಿರಲೇಬೇಕು. ಅರ್ಥಶಾಸ್ತ್ರ ಶುರುವಾಗಬೇಕಾದದ್ದು ಹೀಗೆ ನೋಡುವುದರಿಂದ.

ಓದುವ ಅಕ್ಕತಂಗಿಯರಿಗೂ ಒಂದು ಮಾತಿದೆ. ಡೈರಿಗೆ ಹಾಲು ಹಾಕುವವರು, ಬೀಡಿ ಕಟ್ಟುವವರು, ಹಪ್ಪಳ ಮಾಡಿ ಮಾರುವವರು, ಮನೆಯಲ್ಲೇ ಹೊಲಿಗೆ ಹಾಕುವವರು ಇಂದಿನ ನಿಯಮದಲ್ಲೂ ದುಡಿಯುವವರೇ. ಆದರೂ ಗಣತಿಯವರು ಬಾಗಿಲಿಗೆ ಬಂದಾಗ ಗಂಡ ಒಳಗಿನಿಂದಲೇ 'ಅವಳೇನೂ ಮಾಡಲ್ಲ' ಎನ್ನುತ್ತಾನೆ, ನಾವು ತಲೆಯಾಡಿಸಿಬಿಡುತ್ತೇವೆ. ಮುಂದಿನ ಸಲ ಹಾಗೆ ಮಾಡಬೇಡಿ. ಮುಂದೆ ಬಂದು ನಿಂತು, ಏನೇನು ಮಾಡುತ್ತೀರೋ ಅಷ್ಟನ್ನೂ ಹೇಳಿ. ಬರೆದುಕೊಳ್ಳುವವರಿಗೆ ಹೊತ್ತಾದರೆ ಆಗಲಿ.