ಶನಿವಾರದ ಅರ್ಧ ಗಂಟೆ

ಹೋದ ಸಂಚಿಕೆಯಲ್ಲಿ ಮಾವಿನಕಾಯಿ ತೊಕ್ಕಿನ ಬಗ್ಗೆ ಬರೆಯುವಾಗ ಮಗಳ ಪಿಯಾನೋ ಪಾಠದ ವಿಷಯ ಒಂದು ಸಾಲು ಬಂದುಹೋಗಿತ್ತು. ನೋಡಿ, ತೊಕ್ಕನ್ನು ಬಿಟ್ಟು ಆ ಒಂದು ಸಾಲನ್ನೇ ಹಿಡಿದುಕೊಂಡು ಕೇಳಿದ ಸೋದರಿಯರೇ ಹೆಚ್ಚು. "ಹೇಳಿಕೊಡುವವರನ್ನು ಹೇಗೆ ಹುಡುಕಿದಿರಿ? ಖರ್ಚೆಷ್ಟು? ನಮ್ಮಂಥವರಿಗೆ ಎಟುಕುತ್ತದೆಯೇ?" ಅಂತ. ಎಲ್ಲಾ ಹೇಳ್ತೀನಿ. ಆದರೆ ಅದನ್ನು ಹೇಳಹೊರಟರೆ ನಾನು ಮಾಡಿದ ಒಂದು ಸಣ್ಣತನವನ್ನೂ ಹೇಳಲೇಬೇಕಾಗುತ್ತದೆ.

ನಮ್ಮದು ಮಂಡ್ಯ. ಮಗಳು ಎಂಟನೇ ತರಗತಿ. ಅವಳ ಸೋದರಮಾವ ಕೊಡಿಸಿದ ಕೀಬೋರ್ಡಿನ ಮೇಲೆ ಸಿನಿಮಾ ಹಾಡುಗಳನ್ನು ತಾನೇ ತಡಕಾಡಿ ನುಡಿಸುತ್ತಿದ್ದಳು. ಒಂದು ದಿನ ಪಿಯಾನೋನೇ ಕಲೀತೀನಿ ಅಂತ ಹಟ ಹಿಡಿದಳು. ನಮ್ಮತ್ತೆಯವರು, "ವೀಣೆ ಕಲೀಲಿ. ಆ ಇಂಗ್ಲಿಷಿನವರ ಪೆಟ್ಟಿಗೆ ನಮಗ್ಯಾಕೆ?" ಅಂದರು. ಅದಕ್ಕೆ ನಮ್ಮವರು, "ಅಮ್ಮಾ, ನಮ್ಮ ಮಹಾರಾಜರೇ ಅದನ್ನ ನುಡಿಸ್ತಿದ್ರು" ಅಂದರು. ನಿಜವೇ. ಜಯಚಾಮರಾಜೇಂದ್ರ ಒಡೆಯರ್ ಅವರು ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದ್ದಾರೆ. ಮಹಾರಾಜರ ಹೆಸರು ಬಂದ ಮೇಲೆ ಅತ್ತೆ ತುಟಿಪಿಟಕ್ ಅನ್ನಲಿಲ್ಲ.

ಮೈಸೂರಿನಲ್ಲಿರುವ ನನ್ನ ನಾದಿನಿಯ ಬೀದಿಯಲ್ಲೇ ಹೇಳಿಕೊಡುವವರೊಬ್ಬರು ಸಿಕ್ಕಿದರು. ಯಾವ ಶಾಲೆಗೂ ಸೇರಿದವರಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಪಾಠ. ಅರವತ್ತು ದಾಟಿದ ಹೆಂಗಸು, ಒಬ್ಬರೇ ಇರುತ್ತಾರೆ. ಮಗಳು ಮಿಸ್ ಅನ್ನುತ್ತಾಳೆ, ನಾನೂ ಹಾಗೇ ಅಂತೀನಿ. ವಾರಕ್ಕೊಮ್ಮೆ ಅರ್ಧ ಗಂಟೆ, ತಿಂಗಳಿಗೆ 2,000 ರೂಪಾಯಿ, ಮುಂಗಡ. ಅರ್ಧ ಗಂಟೆಗೆ ಐನೂರಾ ಅಂತ ನನ್ನೆದೆ ಧಸಕ್ಕೆಂದಿದ್ದು ಸುಳ್ಳಲ್ಲ.

ಮೊದಲ ದಿನ ಅವರು ಏನೂ ನುಡಿಸಲಿಲ್ಲ. ಮಗಳ ಬೆರಳುಗಳನ್ನು ನೋಡಿ, "ಉಗುರು ಕತ್ತರಿಸಿಕೊಂಡು ಬಾ" ಅಂದರು. ಸ್ಟೂಲಿನ ಎತ್ತರ ಸರಿಮಾಡಿ, ಮೊಣಕೈ ಕೀಗಳ ಮಟ್ಟಕ್ಕೆ ಬರುವ ಹಾಗೆ ಕೂರಿಸಿದರು. ಅಂಗೈಯೊಳಗೆ ಒಂದು ನಿಂಬೆಹಣ್ಣು ಇದೆ ಅಂದುಕೋ, ಬೆರಳು ಹಾಗೆ ಬಾಗಿರಬೇಕು ಅಂತ ಹೇಳಿ, ನಿಜವಾಗಿಯೂ ಅಡಿಗೆಮನೆಯಿಂದ ಒಂದು ನಿಂಬೆಹಣ್ಣು ತಂದುಕೊಟ್ಟರು! ಆಮೇಲೆ ಪಿಯಾನೋದ ಮುಂದಿನ ಹಲಗೆ ತೆಗೆದು ಒಳಗೆ ತೋರಿಸಿದರು. ಹಾರ್ಮೋನಿಯಂನಲ್ಲಿ ಮನೆ ಅನ್ನುತ್ತೇವಲ್ಲ, ಅಂಥವು 88. ಬಿಳಿಯವು 52, ಕರಿಯವು 36. ಒಂದೊಂದನ್ನು ಒತ್ತಿದಾಗಲೂ ಉಣ್ಣೆಯ ಬಟ್ಟೆ ಸುತ್ತಿದ ಪುಟ್ಟ ಸುತ್ತಿಗೆ ಬಂದು ತಂತಿಗೆ ಬಡಿಯುತ್ತದೆ. ತಂತಿಗಳೇ ಇನ್ನೂರಕ್ಕೂ ಹೆಚ್ಚು. ಮಳೆಗಾಲದ ತೇವಕ್ಕೆ ಮರ ಉಬ್ಬಿ ಕೀಗಳು ಕಚ್ಚಿಕೊಳ್ಳಬಾರದೆಂದು ಕೆಳಗೆ ಒಂದು ಸಣ್ಣ ಬಲ್ಬು ಉರಿಸಿಟ್ಟಿರುತ್ತಾರೆ. ವರ್ಷಕ್ಕೆರಡು ಸಲ ಬೆಂಗಳೂರಿನಿಂದ ಜನ ಕರೆಸಿ ಶ್ರುತಿ ಮಾಡಿಸುತ್ತಾರೆ. ಆ ಖರ್ಚೆಲ್ಲ ಅವರದ್ದೇ. ಇದನ್ನು ಕಣ್ಣಾರೆ ನೋಡಿಯೂ ನನ್ನ ತಲೆಗೆ ಹತ್ತಲಿಲ್ಲ, ಇರಲಿ.

ಹೊಸ ವಾದ್ಯ ಕೊಳ್ಳಬೇಕೇ ಅಂತ ಕೇಳಿದೆ. "ಮೂರು ತಿಂಗಳು ಈಗಿರೋದರಲ್ಲೇ ಕಲೀಲಿ. ಆಸಕ್ತಿ ನಿಂತರೆ ಆಗ ಭಾರದ ಕೀ ಇರೋ ಡಿಜಿಟಲ್ ಪಿಯಾನೋ ನೋಡೋಣ" ಅಂದರು. ಕೀಬೋರ್ಡಿನ ಕೀಗಳು ತೀರಾ ಹಗುರ, ಅದರಲ್ಲೇ ಇದ್ದರೆ ಬೆರಳಿಗೆ ಬಲ ಬರುವುದಿಲ್ಲವಂತೆ. ಪರೀಕ್ಷೆ ಯಾವಾಗ ಅಂತ ನಮ್ಮವರು ಕೇಳಿದ್ದಕ್ಕೆ, ಗ್ರೇಡ್ ಪರೀಕ್ಷೆಗಳು 8ರವರೆಗೆ ಇವೆ, ಓಡಿಹೋಗುವುದಿಲ್ಲ, ಮೊದಲ ವರ್ಷ ಬೇಡ ಎಂದರು. ಕೊಳ್ಳಲು ಅವಸರಪಡಿಸದ, ಪರೀಕ್ಷೆಗೆ ದೂಡದ ಇಂಥವರು ಸಿಕ್ಕರೆ ಬಿಡಬೇಡಿ ಸೋದರಿಯರೇ. ಪಾಠದ ಹೊತ್ತಿನಲ್ಲಿ ನೀವೂ ಕೋಣೆಯಲ್ಲಿ ಕೂರಬಹುದೇ ಅಂತ ಮೊದಲೇ ಕೇಳಿಕೊಳ್ಳಿ. ನಾನು ಮೂಲೆಯ ಕುರ್ಚಿಯಲ್ಲಿ ಫಾಲ್ಸ್ ಹೊಲಿಯುತ್ತಾ ಕೂತಿರುತ್ತೇನೆ. ಮನೆಯಲ್ಲಿ ಅಭ್ಯಾಸ ಮಾಡಿಸಲು ಅದರಿಂದ ಎಷ್ಟು ಅನುಕೂಲವಾಗಿದೆ ಅಂತೀರಿ!

ಇನ್ನೊಂದು ಮಾತನ್ನೂ ಮಿಸ್ ಮೊದಲ ದಿನವೇ ಹೇಳಿದ್ದರು. ಹಿಂದಿನ ದಿನ ತಿಳಿಸಿದರೆ ತಿಂಗಳಿಗೆ ಒಂದು ಪಾಠವನ್ನು ಬೇರೆ ದಿನಕ್ಕೆ ಹಾಕಿಕೊಡ್ತೀನಿ, ಅದು ಬಿಟ್ಟರೆ ತಪ್ಪಿದ ಪಾಠಕ್ಕೆ ಫೀಸು ಕಳೆಯೋದಿಲ್ಲ ಅಂತ. "ಆಗಲಿ ಮಿಸ್" ಅಂತ ತಲೆಯಾಡಿಸಿದ್ದೆ.

ವೈಶಾಖದಲ್ಲಿ ನಮ್ಮ ಕಡೆ ಎರಡು ಮದುವೆ ಬಂತು. ಎರಡು ಶನಿವಾರ ಹೋಗಲಿಲ್ಲ. ಒಂದಕ್ಕೆ ಬೆಳಿಗ್ಗೆ ಫೋನು ಮಾಡಿದೆ, ಇನ್ನೊಂದಕ್ಕೆ ಚಪ್ಪರದ ಗಲಾಟೆಯಲ್ಲಿ ಅದೂ ಮರೆತುಹೋಯಿತು. ಮುಂದಿನ ತಿಂಗಳು ಹೋದಾಗ 2,000ದ ಬದಲು 1,000 ಕೊಟ್ಟು, "ಹೋದ ತಿಂಗಳು ಎರಡು ಪಾಠ ಆಗಲಿಲ್ಲವಲ್ಲ ಮಿಸ್, ಅದನ್ನ ಇದರಲ್ಲಿ ವಜಾ ಮಾಡಿಕೊಂಡಿದೀನಿ" ಅಂದೆ. ಅವರು ಏನೂ ಅನ್ನಲಿಲ್ಲ. ದುಡ್ಡು ತಗೊಂಡು ಪುಸ್ತಕದಲ್ಲಿ ಬರೆದುಕೊಂಡರು. ರೈಲಿನಲ್ಲಿ ವಾಪಸು ಬರುವಾಗ ಸಾವಿರ ಉಳಿಸಿದೆ ಅಂತ ಒಳಗೊಳಗೇ ಖುಷಿಪಟ್ಟೆ.

ಮುಂದಿನ ಶನಿವಾರ ರೈಲು ಬೇಗ ಮುಟ್ಟಿತು. ಅರ್ಧ ಗಂಟೆ ಮುಂಚೆಯೇ ಅವರ ಮನೆಗೆ ಹೋದೆವು. ಬಾಗಿಲು ತೆರೆದಿತ್ತು, ಪಿಯಾನೋದ ಮುಚ್ಚಳ ತೆರೆದಿತ್ತು, ಪುಸ್ತಕ ಬಿಡಿಸಿಟ್ಟಿತ್ತು. ಮಿಸ್ ಸುಮ್ಮನೆ ಬೀದಿ ನೋಡುತ್ತಾ ಕೂತಿದ್ದರು. "ಮೂರೂವರೆ ಹುಡುಗ ಬಂದಿಲ್ಲ. ಈಗ ಬರಬಹುದು" ಅಂದರು. ನಾಲ್ಕಾದರೂ ಬರಲಿಲ್ಲ. "ಇದೇ ಹೊತ್ತು ಬೇಕು ಅಂತ ಇನ್ನೊಂದು ಮಗುವಿನ ತಾಯಿ ಕೇಳಿಕೊಂಡು ಬಂದಿದ್ಲು. ಹುಡುಗನಿಗೆ ಕೊಟ್ಟಾಗಿದೆ, ಇಲ್ಲಮ್ಮ ಅಂದೆ" ಎನ್ನುತ್ತಾ ಎದ್ದು ನಮ್ಮ ಪುಸ್ತಕ ತೆಗೆದರು. ನನ್ನನ್ನು ಚುಚ್ಚಲು ಆಡಿದ ಮಾತಲ್ಲ ಅದು. ಆದರೆ ನನಗೆ ಚುಚ್ಚಿತು.

ಯಾಕೆಂದರೆ ನಾನೂ ಮನೆಯಲ್ಲೇ ದುಡಿಯುವವಳು. ಫಾಲ್ಸ್ ಹಾಕಿ ರವಿಕೆ ಹೊಲಿದುಕೊಡ್ತೀನಿ. ಹೋದ ವರ್ಷ ಗೌರಿಹಬ್ಬಕ್ಕೆ ಒಬ್ಬಾಕೆ ಮೂರು ರವಿಕೆ ಅವಸರದಲ್ಲಿ ಬೇಕು ಅಂದಳು. ಅವಳಿಗಾಗಿ ಬೇರೆಯವರ ಬಟ್ಟೆ ವಾಪಸು ಕಳಿಸಿ, ರಾತ್ರಿ ಹನ್ನೆರಡರ ತನಕ ಕೂತು ಹೊಲಿದೆ. ಅವಳು ಹಬ್ಬ ಕಳೆದು ವಾರವಾದ ಮೇಲೆ ಬಂದು, "ನಾನು ಊರಲ್ಲೇ ಇರಲಿಲ್ಲ ಕಣ್ರೀ, ಹಬ್ಬಕ್ಕೆ ಉಡಲೇ ಇಲ್ಲ. ಅರ್ಧ ಕೂಲಿ ತಗೊಳ್ಳಿ" ಅಂದಳು. ಅವಳ ವಿಷಯ ನಾನು ಇಡೀ ಕೇರಿಗೆ ಹೇಳಿಕೊಂಡು ಬಂದಿದ್ದೆ. ಈಗ ಮೂಲೆಯ ಕುರ್ಚಿಯಲ್ಲಿ ಕೂತ ನನಗೆ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ.

ಮುಂದಿನ ವಾರ ಹೊಲಿಗೆ ದುಡ್ಡಿನಿಂದ 1,000 ತೆಗೆದು ಕವರಿಗೆ ಹಾಕಿಕೊಂಡೆ. ಜೊತೆಗೆ ಒಂದು ಬಾಟಲಿ ತೊಕ್ಕು. ಏನು ಹೇಳಬೇಕೆಂದು ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಬಾಯಿಪಾಠ ಮಾಡಿಕೊಂಡೆ. ಅಲ್ಲಿ ಹೋದರೆ ಎಲ್ಲಾ ಮರೆತು, "ತಪ್ಪಾಯ್ತು ಮಿಸ್, ಅವತ್ತು ಹಾಗೆ ಹಿಡಿದುಕೊಳ್ಳಬಾರದಾಗಿತ್ತು" ಎಂದಷ್ಟೇ ಅಂದೆ. ಅವರು ದುಡ್ಡು ಎಣಿಸಿ, ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದಿದ್ದ 1,000ವನ್ನು ಹೊಡೆದುಹಾಕಿ 2,000 ಅಂತ ಬರೆದರು. "ಸರಿ" ಅಂದರು. ತೊಕ್ಕಿನ ಬಾಟಲಿ ನೋಡಿದಾಗ ಮಾತ್ರ ಮುಖ ಅರಳಿತು. ಬೆಳ್ಳುಳ್ಳಿ ಹಾಕಿದೀರಾ ಅಂತ ಕೇಳಿದರು. ಹಾಕಿಲ್ಲ ಅಂದೆ. ಆಮೇಲೆ ಮಗಳ ಕಡೆ ತಿರುಗಿ, "ಎಲ್ಲಿ, ಉಗುರು ತೋರಿಸು" ಅಂದರು.

ಈಗ ಮನೆಯ ಕ್ಯಾಲೆಂಡರಿನಲ್ಲಿ ಶನಿವಾರಗಳಿಗೆ ಕೆಂಪು ಗುರುತು ಹಾಕಿದ್ದೇನೆ. ಮದುವೆ, ಮುಂಜಿ, ನಾಮಕರಣ ಯಾವುದೇ ಕರೆ ಬರಲಿ, ಮೊದಲು ಆ ಗುರುತು ನೋಡ್ತೀನಿ. ಹೋಗಲೇಬೇಕಾದರೆ ಶುಕ್ರವಾರ ಬೆಳಿಗ್ಗೆಯೇ ಫೋನು. ಮಗಳು ದಿನಾ ಇಪ್ಪತ್ತು ನಿಮಿಷ ಅಭ್ಯಾಸ ಮಾಡುತ್ತಾಳೆ, ಕುಕ್ಕರಿನ ಸೀಟಿಯ ಜೊತೆಗೇ. ಬಲಗೈ ಸಲೀಸು, ಎಡಗೈ ಇನ್ನೂ ಮೊಂಡು. ಈ ವಾರ ಎರಡೂ ಕೈ ಸೇರಿಸಿ ನಾಲ್ಕು ಸಾಲು ತಡೆಯಿಲ್ಲದೆ ನುಡಿಸಿದಳು. ಅತ್ತೆಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಇನ್ನೊಂದ್ಸಲ ಬಾರಿಸೇ" ಅಂದರು.