ಗುಳೆ ಹೋಗುವವರ ನೋಂದಣಿ ಊರಲ್ಲೇ ಆಗಲಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬೀಗ ಬಿದ್ದ ಮನೆಯ ಬಗ್ಗೆ ವಿಚಾರಿಸಿದರೆ ಸಿಗುವ ಉತ್ತರ ಒಂದೇ: ‘ದುಡಿಯಾಕ ಹೋಗ್ಯಾರ’. ಎಲ್ಲಿಗೆ ಎಂದರೆ ಬೆಂಗಳೂರು. ಬೆಂಗಳೂರಿನಲ್ಲಿ ಎಲ್ಲಿ, ಯಾರ ಕೈಕೆಳಗೆ ಎಂದು ಕೇಳಿದರೆ ಊರಲ್ಲಿ ಉಳಿದ ಹಿರಿಯರೂ ಮೇಸ್ತ್ರಿಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ಪಂಚಾಯಿತಿಗೆ ಅಷ್ಟೂ ಗೊತ್ತಿರುವುದಿಲ್ಲ. ಓದಿದವರಿಗೆ ಮಸ್ಕಿ ಎಂದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನ. ರಾಜಧಾನಿಯ ಕಟ್ಟಡದ ಮೇಸ್ತ್ರಿಗೆ ಅದು ಆಳು ಸಿಗುವ ಊರು. ಹೀಗೆ ಹೋದವರಿಗಾಗಿ ಸರ್ಕಾರ ಏನನ್ನೂ ಮಾಡಿಲ್ಲ ಎನ್ನುವಂತಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ, ಅಸಂಘಟಿತ ಕಾರ್ಮಿಕರ ಇ–ಶ್ರಮ್ ನೋಂದಣಿ ಇದೆ, ಭವಿಷ್ಯ ನಿಧಿ, ಇಎಸ್‌ಐ ಇವೆ. ಕೊರತೆ ಇರುವುದು ಯೋಜನೆಗಳಲ್ಲಲ್ಲ, ಅವುಗಳ ಬಾಗಿಲು ಇರುವ ಜಾಗದಲ್ಲಿ. ತನ್ನನ್ನು ಯಾರೂ ಗುರುತಿಸದ ನಗರದಲ್ಲಿ ನಿಂತು, ತಾನು ಯಾರು, ಯಾರಿಗೆ ದುಡಿಯುತ್ತಿದ್ದೇನೆ ಎಂದು ಕೂಲಿಯವನೇ ರುಜುವಾತು ಮಾಡಬೇಕಾಗಿದೆ. ಈ ಕೆಲಸ ಅವನು ಬಸ್ ಹತ್ತುವ ಮೊದಲೇ, ಅವನ ಗುರುತು ಇರುವ ಊರಲ್ಲೇ ಮುಗಿಯಬೇಕು ಎಂಬುದು ನನ್ನ ವಾದ.

ಜನರ ಬಾಯಲ್ಲಿ ‘ಲೇಬರ್ ಕಾರ್ಡ್’ ಆಗಿರುವ ಕಟ್ಟಡ ಕಾರ್ಮಿಕರ ಗುರುತಿನ ಚೀಟಿಯನ್ನೇ ನೋಡಿ. 1996ರ ಕೇಂದ್ರ ಕಾಯ್ದೆ ತಂದ ನಿಯಮದ ಪ್ರಕಾರ 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್‌ನಿಂದ ಕೂಡಿದ ಹಣದಲ್ಲಿ ಹೆರಿಗೆ ಸಹಾಯ, ಮಕ್ಕಳ ಓದಿಗೆ ನೆರವು, ಅಪಘಾತ ಪರಿಹಾರ, ಪಿಂಚಣಿ ಎಲ್ಲವೂ ಉಂಟು. ತೊಡಕಿರುವುದು 90 ದಿನದ ದೃಢೀಕರಣದಲ್ಲಿ. ಬಿಲ್ಡರ್ ಗುತ್ತಿಗೆದಾರನಿಗೆ, ಅವನು ತುಂಡು ಗುತ್ತಿಗೆಯವನಿಗೆ, ಅವನು ಮೇಸ್ತ್ರಿಗೆ ಕೆಲಸ ವಹಿಸುತ್ತಾನೆ. ಒಂದು ತಿಂಗಳು ಒಂದು ಸೈಟು, ಮುಂದಿನ ತಿಂಗಳು ಇನ್ನೊಂದು. ಬಿಲ್ಡರ್‌ಗೆ ಕೂಲಿಯ ಮುಖ ಗೊತ್ತಿಲ್ಲ. ಮೇಸ್ತ್ರಿಗೆ ಗೊತ್ತು, ಆದರೆ ಸಹಿ ಹಾಕಿದರೆ ಹೊಣೆ ತಲೆಗೆ ಬರುತ್ತದೆಂಬ ಭಯ. 90 ದಿನ ಬೆವರು ಸುರಿಸಿದವನ ಕೈಯಲ್ಲಿ ಅದಕ್ಕೆ ಪುರಾವೆ ಇರುವುದಿಲ್ಲ. ಇದರ ಬೆಲೆ ಎಷ್ಟೆಂದು 2020ರ ಲಾಕ್‌ಡೌನ್ ತೋರಿಸಿತು. ಆಗ ರಾಜ್ಯ ಸರ್ಕಾರ ಕಟ್ಟಡ ಕಾರ್ಮಿಕರ ಖಾತೆಗೆ ತಲಾ ₹5,000 ಹಾಕಿತು, ಆದರೆ ಮಂಡಳಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಗಂಟು ಹೊತ್ತು ಉತ್ತರಕ್ಕೆ ನಡೆದವರಲ್ಲಿ ಹೆಸರಿಲ್ಲದವರೇನು ಕಡಿಮೆ ಇರಲಿಲ್ಲ.

ಕಾನೂನಿನಲ್ಲೂ ಒಂದು ವಿಚಿತ್ರ ಬಿರುಕಿದೆ. ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಬಂದ ಕಾಯ್ದೆ ಗುತ್ತಿಗೆದಾರನಿಗೆ ಪರವಾನಗಿ ಕಡ್ಡಾಯ ಮಾಡಿತು. ಕೂಲಿಗೆ ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ ಕೊಡಿಸಿತು. ಆದರೆ ಅದು ಅಂತರರಾಜ್ಯ ವಲಸೆಗೆ ಮಾತ್ರ. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯೂ ಇದೇ ಗೆರೆಯನ್ನು ಉಳಿಸಿಕೊಂಡಿತು. ಆದವಾನಿಯಿಂದ ಬಳ್ಳಾರಿಗೆ ಬಂದವನು ಈ ಲೆಕ್ಕದಲ್ಲಿ ವಲಸಿಗ. ಮಸ್ಕಿಯಿಂದ ಸುಮಾರು 400 ಕಿ.ಮೀ. ದೂರದ ಬೆಂಗಳೂರಿಗೆ ಹೋದವನು ಅಲ್ಲ, ರಾಜ್ಯದ ಗಡಿ ದಾಟಿಲ್ಲವಲ್ಲ! ಹಾಗೆಂದು ಕಾನೂನಿಗೆ ಕೂಲಿಯ ಜೊತೆ ಊರಿಗೆ ಬರಲು ಬಾರದು ಎಂದೇನಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಗೆ 1995ರಲ್ಲಿ ತಂದ ತಿದ್ದುಪಡಿ, ಅಪಘಾತ ಎಲ್ಲೇ ಆಗಿದ್ದರೂ ಗಾಯಾಳು ಅಥವಾ ಅವನ ಅವಲಂಬಿತರು ತಾವು ವಾಸಿಸುವ ಪ್ರದೇಶದಲ್ಲೇ ಪರಿಹಾರ ಕೇಳಲು ಅವಕಾಶ ಮಾಡಿಕೊಟ್ಟಿತು. ಬೆಂಗಳೂರಿನ ಸಾರವೆಯಿಂದ ಬಿದ್ದವನ ಹೆಂಡತಿ ರಾಯಚೂರು ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಆದರೆ ಅಲ್ಲಿ ಬರುವ ಮೊದಲ ಪ್ರಶ್ನೆ, ಮಾಲೀಕ ಯಾರು? ಮೇಸ್ತ್ರಿಯ ಅಡ್ಡಹೆಸರು, ಬಂದ್ ಆದ ಮೊಬೈಲ್ ನಂಬರ್ ಬಿಟ್ಟರೆ ಹೇಳಲು ಆಕೆಯ ಬಳಿ ಏನೂ ಇರುವುದಿಲ್ಲ. ಹಕ್ಕು ಮನೆ ಬಾಗಿಲಿಗೆ ಬಂದೂ ಒಳಗೆ ಕಾಲಿಡದೆ ಹಿಂದಿರುಗುತ್ತದೆ.

ಆದ್ದರಿಂದ ಬೇಕಾದದ್ದು ಹೊಸ ಭಾಗ್ಯವಲ್ಲ, ಗ್ರಾಮ ಪಂಚಾಯಿತಿಯಲ್ಲಿ ಒಂದು ಗುಳೆ ದಾಖಲೆ. ಹೊರಟವರು ಯಾರು, ಜೊತೆಗೆ ಮಕ್ಕಳೆಷ್ಟು, ಕರೆದೊಯ್ಯುವ ಮೇಸ್ತ್ರಿ ಯಾರು, ಕೊಟ್ಟ ಮುಂಗಡ ಎಷ್ಟು, ಮೊದಲ ಸೈಟು ಎಲ್ಲಿ, ಇಷ್ಟು ಸಾಕು. ಸೈಟು ಬದಲಾದಾಗ ಒಂದು ಫೋನ್ ಕರೆ. ಆ ದಾಖಲೆ ಲೇಬರ್ ಕಾರ್ಡಿನ 90 ದಿನಕ್ಕೆ ಪುರಾವೆ ಆಗಬೇಕು; ಅದನ್ನು ಸುಳ್ಳೆನ್ನುವ ಹೊಣೆ ಮಾಲೀಕನ ಮೇಲಿರಬೇಕು. ಇದು ಆಗದ ಕೆಲಸವಲ್ಲ ಎನ್ನಲು ಪಡಿತರ ಚೀಟಿಯೇ ಸಾಕ್ಷಿ. ಒಂದು ಕಾಲಕ್ಕೆ ಅದು ಒಂದೇ ನ್ಯಾಯಬೆಲೆ ಅಂಗಡಿಗೆ ಕಟ್ಟಿಹಾಕಿದ ಕಾಗದವಾಗಿತ್ತು. ಇಂದು ಸಿಂಧನೂರಿನ ಚೀಟಿಯವರು ಬೆಂಗಳೂರಿನ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಅಕ್ಕಿ ಕೂಲಿಯ ಹಿಂದೆ ಹೋಗಬಹುದಾದರೆ ಅವನ ದುಡಿಮೆಯ ಲೆಕ್ಕ ಏಕೆ ಹೋಗಬಾರದು? ರಾಜಸ್ಥಾನದ ಉದಯಪುರದಲ್ಲಿ 2005ರಲ್ಲಿ ಆರಂಭವಾದ ಆಜೀವಿಕಾ ಬ್ಯೂರೊ ಎಂಬ ಸಂಸ್ಥೆ ವಲಸೆ ಹೊರಡುವವರಿಗೆ ಅವರ ಊರಲ್ಲೇ ಗುರುತಿನ ಚೀಟಿ ಮಾಡಿಕೊಟ್ಟು, ಅವರು ದುಡಿಯುವ ಅಹಮದಾಬಾದ್, ಸೂರತ್‌ಗಳಲ್ಲೂ ಕೇಂದ್ರ ತೆರೆದಿದೆ. ನಮ್ಮದೇ ಸರ್ಕಾರ 2025ರಲ್ಲಿ ಆ್ಯಪ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ ತಂದ ಕಾನೂನಿನಲ್ಲಿ, ಕಾರ್ಮಿಕರ ವಿವರ ಕೊಡುವ ಹೊಣೆಯನ್ನು ಕಂಪನಿಗಳ ಮೇಲೆ ಹಾಕಿದೆ. ಊಟ ತಲುಪಿಸುವ ಹುಡುಗನ ವಿಷಯದಲ್ಲಿ ಸರಿ ಎನಿಸಿದ ನ್ಯಾಯ ಇಟ್ಟಿಗೆ ಹೊರುವ ಹೆಣ್ಣುಮಗಳಿಗೆ ಬೇಡವೇ?

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು, ಹೃದಯದಿಂದ ಬಂದದ್ದು ಕೂಡ: ಗುಳೆಗೆ ಅನುಕೂಲ ಮಾಡಿಕೊಡುವುದೆಂದರೆ ಗುಳೆಯನ್ನು ಒಪ್ಪಿಕೊಂಡಂತೆ, ಊರಲ್ಲೇ ಕೆಲಸ ಕೊಡಿ, ನೀರು ಕೊಡಿ. ಮಸ್ಕಿಯ ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ ರೈತರು ಪಟ್ಟು ಹಿಡಿದು ಕುಳಿತದ್ದು, 2021ರ ಉಪಚುನಾವಣೆಯ ತುಂಬ ಅದೇ ಮಾತು ಕೇಳಿಬಂದದ್ದು ಈ ಸಂಕಟದಿಂದಲೇ. ಆ ಬೇಡಿಕೆ ನ್ಯಾಯವಾದದ್ದು. ಆದರೆ ನೀರು ಬಂದ ಕೂಡಲೇ ಗುಳೆ ನಿಲ್ಲುತ್ತದೆ ಎಂಬ ನಂಬಿಕೆಗೆ ಸಿಂಧನೂರೇ ಉತ್ತರ. ತುಂಗಭದ್ರೆಯ ಎಡದಂಡೆ ಕಾಲುವೆ ಆ ತಾಲ್ಲೂಕನ್ನು ಭತ್ತದ ಕಣಜ ಮಾಡಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಪೂರ್ವ ಬಂಗಾಳದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು ಅಲ್ಲೇ ನೆಲೆಯಾದವು. ಅಷ್ಟಾದರೂ ಕಾಲುವೆಯ ಕೊನೆ ಭಾಗದವರ ನೀರಿನ ಗೋಳು ತಪ್ಪಲಿಲ್ಲ. ಕೊಯ್ಲಿಗೆ ಯಂತ್ರ ಬಂದ ಮೇಲೆ ಭೂಮಿ ಇಲ್ಲದವರ ಸುಗ್ಗಿಯ ಕೂಲಿ ದಿನಗಳು ಕರಗಿದವು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ಇಡೀ ಸೀಮೆಯ ಬದುಕು ಒಂದು ಸರಪಳಿಗೆ ಜೋತುಬಿದ್ದಿತ್ತು. ಲಿಂಗಸುಗೂರಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ, ನಿಜ. ಅಲ್ಲಿ ಕಾಯಂ ನೌಕರಿ ಸಿಕ್ಕವನಿಗೆ ಭವಿಷ್ಯ ನಿಧಿ, ಆಸ್ಪತ್ರೆ ಎಲ್ಲ ಇವೆ. ಇಡೀ ತಾಲ್ಲೂಕಿಗೆ ಕೆಲಸ ಕೊಡುವಷ್ಟು ದೊಡ್ಡದಲ್ಲ ಆ ಗಣಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೊಟ್ಟ 100 ದಿನದ ಭರವಸೆ ಒಂದು ದಿನವೂ ತಪ್ಪದೆ ಈಡೇರಿತು ಎಂದೇ ಇಟ್ಟುಕೊಳ್ಳಿ. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ₹370 ಕೂಲಿಯಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ ಸಿಗುವುದು ₹37,000. ಮಗಳ ಮದುವೆ, ಬೋರ್‌ವೆಲ್ ಸಾಲ, ಆಸ್ಪತ್ರೆ ಖರ್ಚುಗಳ ಮುಂದೆ ಈ ಮೊತ್ತ ಯಾರನ್ನೂ ಊರಲ್ಲಿ ಕಟ್ಟಿಹಾಕಲಾರದು. ನೀರಿಗೆ ಹೋರಾಡೋಣ, ಊರ ಕೆಲಸಕ್ಕೂ ಹೋರಾಡೋಣ. ಆ ಹೋರಾಟ ಗೆಲ್ಲುವವರೆಗೆ ಬಸ್ ಹತ್ತುವವರನ್ನು ಲೆಕ್ಕಕ್ಕೇ ಇಡದಿರುವುದು ಮಾತ್ರ ನ್ಯಾಯವಲ್ಲ.

ಇ–ಶ್ರಮ್ ಇದೆಯಲ್ಲ ಎನ್ನುವವರಿಗೆ ಹೇಳುವುದಿಷ್ಟೆ: 2021ರ ಆಗಸ್ಟ್‌ನಲ್ಲಿ ಶುರುವಾದ ಆ ನೋಂದಣಿಯಲ್ಲಿ ಕೂಲಿಯವನು ಯಾರೆಂದು ಇರುತ್ತದೆ, ಯಾರಿಗೆ ದುಡಿಯುತ್ತಾನೆಂದು ಇರುವುದಿಲ್ಲ. ಕಾರ್ಡು ಕೊಟ್ಟರೆ ಬೋಗಸ್ ಹೆಚ್ಚಾಗುತ್ತದೆ ಎಂಬ ಆಕ್ಷೇಪಕ್ಕೆ ಇನ್ನೂ ಸ್ವಲ್ಪ ತೂಕವಿದೆ. ಗಾರೆ ಮುಟ್ಟದವರ ಜೇಬಲ್ಲೂ ಲೇಬರ್ ಕಾರ್ಡು ಸಿಕ್ಕದ್ದು, ಇಲಾಖೆ ಅಂಥವನ್ನು ರದ್ದು ಮಾಡಿದ್ದು ಗುಟ್ಟೇನಲ್ಲ. ಆದರೆ ಬೋಗಸ್ ಹುಟ್ಟಿದ್ದು ಎಲ್ಲಿ? ಅರ್ಜಿದಾರ ಯಾರೆಂದು ತಿಳಿಯದವರು ಕಾಗದ ನೋಡಿ ಮಂಜೂರು ಮಾಡುವ ವ್ಯವಸ್ಥೆಯಲ್ಲಿ. ಯಾರು ಗುಳೆ ಹೋಗುತ್ತಾರೆ, ಯಾರು ಕಿರಾಣಿ ಅಂಗಡಿ ಇಟ್ಟಿದ್ದಾರೆ ಎಂಬುದು ಹಳ್ಳಿಗೆ ಗೊತ್ತು. ಹೆಸರುಗಳನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸುಳ್ಳು ಹೆಸರಿಗೆ ಅಲ್ಲೇ ನಗು ಏಳುತ್ತದೆ.

ಪಿಡಿಒಗಳಿಗೆ ಈಗಲೇ ಕೈತುಂಬ ಕೆಲಸ, ಊರೂರು ತಿರುಗುವವರ ಪಟ್ಟಿ ಇಡುವುದು ಆಗುವ ಮಾತೇ ಎಂದು ಕೇಳುವವರು ಒಂದು ಚುನಾವಣೆಯನ್ನು ನೆನೆಯಲಿ. ಮತದಾನದ ಹಿಂದಿನ ದಿನ ಬೆಂಗಳೂರಿನಿಂದ ಈ ತಾಲ್ಲೂಕುಗಳಿಗೆ ಜನರನ್ನು ತುಂಬಿಕೊಂಡು ವಾಹನಗಳು ಬರುತ್ತವೆ. ಯಾವ ಹಳ್ಳಿಯ ಎಷ್ಟು ಮತ ಯಾವ ಬಡಾವಣೆಯ ಯಾವ ಶೆಡ್ಡಿನಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಎಂಬುದು ಪಕ್ಷಗಳ ಕಾರ್ಯಕರ್ತರಿಗೆ ಬಾಯಿಪಾಠ. ಪಟ್ಟಿ ಮಾಡುವುದು ಅಸಾಧ್ಯವಲ್ಲ, ಅದು ಈಗಾಗಲೇ ಇದೆ. ಪಂಚಾಯಿತಿಯ ಕಪಾಟಿನಲ್ಲಿ ಇಲ್ಲ, ಅಷ್ಟೆ. ಮುಂಗಡದ ಮೊತ್ತ ಬರೆಸಿದರೆ ಮೇಸ್ತ್ರಿಗಳು ಈ ಊರಿನವರನ್ನು ಕರೆಯುವುದನ್ನೇ ಬಿಟ್ಟಾರು ಎಂಬ ಅಂಜಿಕೆ ಕೂಲಿಯವರಲ್ಲೇ ಇರುತ್ತದೆ. ಒಂದು ಪಂಚಾಯಿತಿ ಒಂಟಿಯಾಗಿ ಮಾಡಿದರೆ ಅದು ನಿಜವಾಗಲೂಬಹುದು. ಹಾಗಾಗಿ ಮೂರೂ ತಾಲ್ಲೂಕುಗಳು ಒಟ್ಟಿಗೆ ಶುರು ಮಾಡಬೇಕು. ಶುರು ಮಾಡಲು ಕಾಲವೂ ಮುಖ್ಯ: ದುಡಿಯುವವರೆಲ್ಲ ದೂರ ಇರುವಾಗ ಗ್ರಾಮಸಭೆ ಕರೆದರೆ ಯಾರ ಹೆಸರು ಬರೆಯುವುದು? ಯುಗಾದಿಗೆ, ಕಾರಹುಣ್ಣಿಮೆಗೆ, ಊರ ಜಾತ್ರೆಗೆ ಜನ ಹೇಗೂ ಬರುತ್ತಾರೆ. ಹಬ್ಬದ ಮರುದಿನ, ವಾಪಸ್ ಹೋಗಲು ಚೀಲ ಕಟ್ಟುವ ಮೊದಲು, ಪಂಚಾಯಿತಿ ಕಚೇರಿಯ ಬಾಗಿಲು ತೆರೆದಿರಲಿ.