ಪ್ರಪಂಚದ ಚರಿತ್ರೆಯೂ ನಮ್ಮೂರ ಶಾಲೆಯ ತೆರೆಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳ ಶಾಲೆಗಳೆಲ್ಲವೂ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂಬ ಒಂದೇ ಆಡಳಿತಕ್ಕೆ ಒಳಪಟ್ಟಿವೆಯೆಂಬುದು ವಾಚಕರಿಗೆ ತಿಳಿದ ವಿಷಯವೇ. ಮಳೆ ಕಡಮೆ, ಕಲ್ಲು ಹೆಚ್ಚು ಇರುವ ಸೀಮೆ ನಮ್ಮದು. ನಮ್ಮ ಹಿರಿಯರು ಮಿಡ್ಲ್ ಸ್ಕೂಲು ಎನ್ನುತ್ತಿದ್ದ ಆರು, ಏಳು, ಎಂಟನೆಯ ತರಗತಿಗಳಿಗೆ ಈಚೆಗೆ ಗೋಡೆಯ ಮೇಲೆ ಚಿತ್ರ ಬೀಳಿಸುವ ಪ್ರೊಜೆಕ್ಟರುಗಳೂ ದೊಡ್ಡ ಟಿ.ವಿ.ಗಳೂ ಬರುತ್ತಿವೆ. ಕೆಲವು ಕಡೆ ಬಾಗಿಲ ಮೇಲೆ ‘ಸ್ಮಾರ್ಟ್ ಕ್ಲಾಸ್’ ಎಂದು ಬಣ್ಣದಲ್ಲಿ ಬರೆಸಿಯೂ ಆಗಿದೆ. ಇವುಗಳಿಂದ ಪ್ರಪಂಚದ ಚರಿತ್ರೆಯನ್ನು ಮಕ್ಕಳಿಗೆ ಕಲಿಸುವುದು ಸಾಧ್ಯವೆ, ಸಾಧ್ಯವಾದರೆ ಹೇಗೆ, ಎಂಬ ವಿಚಾರವಾಗಿ ನನಗೆ ತೋರಿದ ನಾಲ್ಕು ಮಾತುಗಳನ್ನು ಬರೆಯುವ ಧೈರ್ಯ ಮಾಡಿದ್ದೇನೆ. ನಾನು ಉಪಾಧ್ಯಾಯನಲ್ಲ, ಬಿ.ಎ. ಕೊನೆಯ ವರ್ಷದಲ್ಲಿ ಚರಿತ್ರೆಯನ್ನು ಓದುತ್ತಿರುವವನು. ಮುಂದೆ ಬಿ.ಎಡ್. ಮಾಡಿ ಉಪಾಧ್ಯಾಯನಾಗಬೇಕೆಂಬ ಆಸೆಯುಂಟು. ಆ ಆಸೆಗೆ ಕಳೆದ ವರ್ಷ ಒಂದು ಪೆಟ್ಟು ಬಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಹಳ್ಳಿಯ ಶಾಲೆಯಲ್ಲಿ ಸಮಾಜದ ಉಪಾಧ್ಯಾಯರು ರಜದ ಮೇಲಿದ್ದರು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, “ನೀನು ಹಿಸ್ಟರಿ ಓದ್ತಿದೀಯಲ್ಲಪ್ಪ, ಎಂಟನೇ ಕ್ಲಾಸಿಗೆ ನಾಲ್ಕು ದಿನ ಪಾಠ ಮಾಡು” ಎಂದರು. ಪಾಠ ಈಜಿಪ್ಟಿನದು. ನಾನು ಬಹಳ ಉತ್ಸಾಹದಿಂದ ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಪಿರಮಿಡ್ಡಿನ ಮೂರು ಚಿತ್ರಗಳನ್ನು ಇಳಿಸಿಕೊಂಡು ಹೋದೆ. ಟಿ.ವಿ. ಇದ್ದ ಕೋಣೆಯ ಬೀಗದಕೈ ಹುಡುಕುವುದಕ್ಕೆ ಹತ್ತು ನಿಮಿಷ, ತಂತಿ ಕೂಡಿಸುವುದಕ್ಕೆ ಹತ್ತು ನಿಮಿಷ. ನಡುವೆ ಎರಡು ಬಾರಿ ಕರೆಂಟು ಹೋಯಿತು. ಪಾವಗಡದ ತಿರುಮಣಿ, ವಳ್ಳೂರು ಕಡೆಯ ಬಯಲಿನಲ್ಲಿ ಸುಮಾರು 13,000 ಎಕರೆಯ ಮೇಲೆ ಹಾಸಿರುವ ಸೌರ ಫಲಕಗಳು 2,050 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲವೆಂದು ಅದೇ ವಾರ ನಾನು ಸ್ನೇಹಿತನೊಬ್ಬನಿಗೆ ಹೆಮ್ಮೆಯಿಂದ ಹೇಳಿದ್ದೆ! ಇರಲಿ. ಕೊನೆಗೆ ಚಿತ್ರ ಬಂತು. ವಿಮಾನದಿಂದ ತೆಗೆದ ಮರಳುಗಾಡು, ಗಂಭೀರವಾದ ವಾದ್ಯ, ಇಂಗ್ಲಿಷಿನಲ್ಲಿ ವಿವರಣೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಒಬ್ಬ ಹುಡುಗ, “ನಮ್ಮ ಮಧುಗಿರಿ ಬೆಟ್ಟದ ಅರ್ಧನೂ ಇಲ್ಲ ಬಿಡಿ ಸಾರ್” ಎಂದ. ಅವನ ಮಾತು ಸುಳ್ಳೇನಲ್ಲ. ಖುಫುವಿನ ಪಿರಮಿಡ್ಡು ಕಟ್ಟಿದಾಗ ಅದರ ಎತ್ತರ ಸುಮಾರು 146 ಮೀಟರು.

ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತಳು. ಅವಳ ತಂದೆ ತಾಯಿ ಇಬ್ಬರೂ ಜಲ್ಲಿ ಒಡೆಯುವ ಕೆಲಸಕ್ಕೆ ಹೋಗುವವರು. “ಸಾರ್, ಆ ಕಲ್ಲು ಹೊತ್ತೋರಿಗೆ ಕೂಲಿ ಏನು ಕೊಡ್ತಿದ್ರು?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ಅವರೆಲ್ಲ ಗುಲಾಮರು, ಕೂಲಿ ಎಲ್ಲಿ ಬಂತು, ಕೂತ್ಕೋ” ಎಂದೆ. ಅವಳು ಕುಳಿತಳು. ನಾನು ಹೇಳಿದ್ದು ತಪ್ಪೆಂದು ನನಗೆ ಕಾಲೇಜಿನ ಲೈಬ್ರರಿಯಲ್ಲಿ ಆ ವಾರವೇ ತಿಳಿಯಿತು. 1990ರಲ್ಲಿ ಗೀಜಾದ ಪಿರಮಿಡ್ಡುಗಳ ಬಳಿ ಅವುಗಳನ್ನು ಕಟ್ಟಿದ ಕೆಲಸಗಾರರ ಗೋರಿಗಳೇ ಸಿಕ್ಕಿವೆ. ಅವರಿಗೆ ರೊಟ್ಟಿಯೂ ಬಾರ್ಲಿಯಿಂದ ಮಾಡಿದ ಪಾನೀಯವೂ ಕೂಲಿಯ ರೂಪದಲ್ಲಿ ಸಲ್ಲುತ್ತಿದ್ದವು. ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಪಿರಮಿಡ್ಡುಗಳ ಕಾಲ ಕಳೆದು ಸಾವಿರ ವರ್ಷಕ್ಕೂ ಮೇಲಾದ ತರುವಾಯ, ಮೂರನೆಯ ರಾಮೆಸಿಸ್ ದೊರೆಯ ಕಾಲದಲ್ಲಿ, ಸುಮಾರು ಕ್ರಿ.ಪೂ. 1157ರಲ್ಲಿ, ರಾಜರ ಗೋರಿಗಳನ್ನು ಕೊರೆಯುತ್ತಿದ್ದ ಕುಶಲಕರ್ಮಿಗಳು ಕೂಲಿಯ ದವಸ ಬರಲಿಲ್ಲವೆಂದು ಕೆಲಸ ಬಿಟ್ಟು, ಹಸಿವಾಗಿದೆಯೆಂದು ಹೇಳುತ್ತ ದೇವಾಲಯದ ಬಳಿ ಹೋಗಿ ಕುಳಿತರು. ಚರಿತ್ರೆಯಲ್ಲಿ ದಾಖಲೆಯಾಗಿರುವ ಮೊಟ್ಟಮೊದಲ ಮುಷ್ಕರ ಇದೆಂದು ಹೇಳುತ್ತಾರೆ. ಅದನ್ನು ಬರೆದಿಟ್ಟ ಪಪೈರಸ್ ಓಲೆ ಈಗ ಇಟಲಿಯ ಟ್ಯೂರಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ನಾನು ತೋರಿಸಿದ ಮೂರು ಚಿತ್ರಗಳಲ್ಲಿ ಒಂದರಲ್ಲಾದರೂ ಈ ವಿಷಯವಿರಲಿಲ್ಲ. ಚಿನ್ನದ ಮುಖವಾಡ ಮಾತ್ರ ಮೂರರಲ್ಲಿಯೂ ಇತ್ತು.

ಹಾಗಾದರೆ ಯಂತ್ರವೇ ಬೇಡ, ಸೀಮೆಸುಣ್ಣವೇ ಸಾಕು ಎಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ಸೀಮೆಸುಣ್ಣವೊಂದೇ ಇದ್ದಾಗ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ಈಗಲೂ ಹೆಬ್ಬೆಟ್ಟು ಒತ್ತುವವರು. ಮನೆಯಲ್ಲಿ ಭೂಪಟವೆಂಬುದು ಇರಲಿಲ್ಲ. ಶಾಲೆಯಲ್ಲಿದ್ದ ಭೂಪಟದಲ್ಲಿ ಆಫ್ರಿಕಾ ಖಂಡದ ಜಾಗವನ್ನು ಗೆದ್ದಲು ತಿಂದಿತ್ತು. ಮೆಸೊಪೊಟೇಮಿಯ ಎಂದರೆ ಎರಡು ನದಿಗಳ ನಡುವಿನ ನಾಡು ಎಂದು ಬಾಯಿಪಾಠ ಮಾಡಿ ಪೂರ್ತಿ ಅಂಕ ಪಡೆದೆ. ಆ ನಾಡು ನಮ್ಮೂರಿಗೆ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ಎಂದು ಪಿ.ಯು.ಸಿ. ತನಕ ನನಗೆ ತಿಳಿಯದು! 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಪತನವಾಯಿತು ಎಂಬ ವಾಕ್ಯದಲ್ಲಿ ‘ಪತನ’ ಎಂದರೆ ಭೂಕಂಪದಿಂದ ಊರು ಬಿದ್ದುಹೋಯಿತೆಂದೇ ನನ್ನ ತಿಳಿವಳಿಕೆ. ಆದ್ದರಿಂದ ಕಣ್ಣಿಗೆ ಕಾಣಿಸುವ ಸಾಧನ ನಮ್ಮ ಮಕ್ಕಳಿಗೆ ಬೇಕೇ ಬೇಕು. ಪಟ್ಟಣದ ಮನೆಗಳಲ್ಲಿ ಪುಸ್ತಕವಿದೆ, ಹೇಳಿಕೊಡುವ ತಂದೆತಾಯಿಗಳಿದ್ದಾರೆ. ಇಲ್ಲಿ ಶಾಲೆಯೇ ಎಲ್ಲವೂ ಆಗಬೇಕು.

ಸಾಧನಗಳ ಮೇಲೆ ಆಸೆ ಇಡುವುದು ಈ ಕಾಲದ ಹೊಸ ಮಾತೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂದಿತ್ತು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. ನಾನು ಎಸ್.ಎಸ್.ಎಲ್.ಸಿ.ಯಲ್ಲಿದ್ದ 2020ರಲ್ಲಿ ಕೋವಿಡ್ ನಿಮಿತ್ತ ಶಾಲೆ ಮುಚ್ಚಿದಾಗ ದೂರದರ್ಶನ ಚಂದನದಲ್ಲಿ ‘ಸಂವೇದ’ ಎಂಬ ಪಾಠಗಳು ಬಂದವು. ನಮ್ಮ ಬೀದಿಯ ಆರು ಮಂದಿ ಒಂದೇ ಮನೆಯ ಪಡಸಾಲೆಯಲ್ಲಿ ಕುಳಿತು ನೋಡಿದೆವು. ಪಾಠ ಚೆನ್ನಾಗಿಯೇ ಇತ್ತು. ಅರ್ಥವಾಗದ್ದನ್ನು ಕೇಳೋಣವೆಂದರೆ ಆ ಮೇಡಂ ಪೆಟ್ಟಿಗೆಯೊಳಗಿದ್ದರು. ಅಷ್ಟೇ ತೊಂದರೆ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನನ್ನ ಮೊದಲ ದಿನದ ತಪ್ಪು ಯಂತ್ರದ್ದಲ್ಲ, ದಾರಿಯದು. ನಾನು ಮಕ್ಕಳನ್ನು ಒಮ್ಮೆಗೇ ಈಜಿಪ್ಟಿನಲ್ಲಿ ಇಳಿಸಿದೆ. ಅಲ್ಲಿಗೆ ನಮ್ಮೂರಿಂದ ಹೋಗುವ ದಾರಿಯನ್ನು ತೋರಿಸಲಿಲ್ಲ. ಮೂರನೆಯ ದಿನ ಬೇರೆ ಮಾಡಿದೆ. ಉಪಗ್ರಹದಿಂದ ತೆಗೆದ ಭೂಪಟವನ್ನು ಟಿ.ವಿ.ಯಲ್ಲಿ ತೆರೆದು ಮೊದಲು ಆ ಊರಿನ ಕೆರೆಯನ್ನು ತೋರಿಸಿದೆ. ಆಗ ಎದ್ದ ಗದ್ದಲವನ್ನು ಕೇಳಿ ಮುಖ್ಯೋಪಾಧ್ಯಾಯರೇ ಓಡಿಬಂದರು. “ಅದೋ ನಮ್ಮ ತೋಟ”, “ಅದೋ ಗುಡಿ” ಎಂದು ಪ್ರತಿಯೊಬ್ಬರೂ ತೆರೆಯನ್ನು ಮುಟ್ಟಬೇಕು! ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಹೋಗಿ, ಪಶ್ಚಿಮಕ್ಕೆ ಸರಿದು, ಸಮುದ್ರ ದಾಟಿ, ಅರಬ್ಬರ ನಾಡಿನ ಅಂಚು ಹಿಡಿದು, ಕೆಂಪುಸಮುದ್ರವನ್ನು ಏರಿ ನೈಲ್ ನದಿಯನ್ನು ಮುಟ್ಟಿದೆವು. ಒಂದು ಹಸುರು ಗೆರೆ, ಎರಡು ಕಡೆಯೂ ಮರಳು. ನದಿ ಇಲ್ಲದಿದ್ದರೆ ಆ ದೇಶವಿಲ್ಲವೆಂದು ನಾನು ಹೇಳಬೇಕಾಗಲಿಲ್ಲ. ಬೋರ್‌ವೆಲ್ ಬತ್ತುವುದನ್ನು ಕಂಡ ಮಕ್ಕಳಿಗೆ ಅದು ತಾನಾಗಿಯೇ ತಿಳಿಯಿತು. ಈ ಪ್ರಯಾಣಕ್ಕೆ ಹಿಡಿದದ್ದು ಏಳೆಂಟು ನಿಮಿಷ. ಉಳಿದ ಅರ್ಧ ಗಂಟೆ ಟಿ.ವಿ.ಯನ್ನು ಆರಿಸಿ ಮಾತಾಡಿದೆವು.

ಪ್ರಪಂಚದ ಚರಿತ್ರೆ ದೂರದ್ದೆಂಬ ಭಾವನೆಯೇ ತಪ್ಪೆಂದು ನನಗೆ ತೋರುತ್ತದೆ. ನಮ್ಮ ನಾಲ್ಕು ತಾಲೂಕುಗಳ ಹೊಲದಲ್ಲಿ ಬೆಳೆಯುವ ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. 1492ರಲ್ಲಿ ಕೊಲಂಬಸನು ಮೆಣಸನ್ನೂ ಚಿನ್ನವನ್ನೂ ಹುಡುಕುತ್ತ ಹೊರಟು ಇನ್ನೆಲ್ಲಿಗೋ ಹೋಗಿ ಮುಟ್ಟಿದ ಮೇಲೆ ಅದು ಹಡಗು ಹತ್ತಿತು. ಮೆಣಸಿನಕಾಯಿಯೂ ಅಲ್ಲಿಯದೇ, ಕಾಳುಮೆಣಸಿನ ಹೆಸರನ್ನೇ ಇಟ್ಟುಕೊಂಡು ಅದರ ಜಾಗದಲ್ಲಿ ಕುಳಿತುಬಿಟ್ಟಿತು. ಹುಣಿಸೆಯ ಮೂಲ ಆಫ್ರಿಕಾ. ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ಬಂದದ್ದು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಊಟದ ತಟ್ಟೆಯನ್ನೊಮ್ಮೆ ನೋಡಿ, “ಹಂಗಾದ್ರೆ ಅವ್ರೂ ಮುದ್ದೆ ಉಣ್ತಾರೇನಪ್ಪಾ?” ಎಂದರು. ಉಗಾಂಡದಲ್ಲಿ ರಾಗಿಹಿಟ್ಟಿನ ಮುದ್ದೆಯಂಥದ್ದನ್ನೇ ಉಣ್ಣುತ್ತಾರೆಂದು ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ನನ್ನ ಓದಿನ ವಿಷಯವಾಗಿ ಅವರು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಇನ್ನು ಶಿರಾ. ಬಿಜಾಪುರ 1686ರಲ್ಲಿ ಔರಂಗಜೇಬನ ಕೈಸೇರಿದ ಮೇಲೆ 1687ರಲ್ಲಿ ಶಿರಾ ಮೊಗಲರ ಒಂದು ಸುಬಾದ ರಾಜಧಾನಿಯಾಯಿತು. ಅದೇ 1687ರಲ್ಲಿ ಇಂಗ್ಲೆಂಡಿನಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯ’ ಅಚ್ಚಾಯಿತು. ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆದು, ಮೇಲೆ ಶಿರಾ, ಕೆಳಗೆ ಪ್ರಪಂಚ ಎಂದು ಬರೆದರೆ ಈ ಎರಡು ಇಸವಿಗಳೂ ಒಂದರ ಕೆಳಗೊಂದು ಕೂರುತ್ತವೆ. ಇದಕ್ಕೆ ಕರೆಂಟೂ ಬೇಡ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಇವರ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕೊರೆದ ಚಪಡನೆಂಬ ಲಿಪಿಕಾರನು ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ, ಅಂದರೆ ಬಲದಿಂದ ಎಡಕ್ಕೆ ಬರೆಯುವ ವಾಯವ್ಯ ಗಡಿಯ ಲಿಪಿಯಲ್ಲಿ, ಬರೆದಿದ್ದಾನೆ. ಆ ಲಿಪಿಗೆ ಮೂಲ ಪಶ್ಚಿಮ ಏಷ್ಯಾದ ಅರಮಾಯಿಕ್. ರೋಮೂ ಪರ್ಷಿಯವೂ ನಮ್ಮ ಹೆದ್ದಾರಿಯ ಪಕ್ಕದಲ್ಲೇ ಇರುವಾಗ ನಾವು ಮಕ್ಕಳಿಗೆ ಪರದೇಶದ ಕಂಪನಿ ಮಾಡಿದ ಚಿತ್ರವನ್ನು ಮಾತ್ರ ತೋರಿಸುವುದೇಕೆ?

ಭಾಷೆಯ ತೊಡಕೊಂದನ್ನು ಹೇಳಲೇಬೇಕು. ಪಾವಗಡದ ಬಹುಮಂದಿ ಮಕ್ಕಳಿಗೆ ಮನೆಮಾತು ತೆಲುಗು, ಪಾಠ ಕನ್ನಡ, ತೆರೆಯ ಮಾತು ಇಂಗ್ಲಿಷು. ಮೂರು ಬಾಗಿಲು ದಾಟಿ ರೋಮಿಗೆ ಹೋಗಬೇಕು! ಮಧುಗಿರಿಯಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ನಾಲ್ಕು ತಾಲೂಕುಗಳಲ್ಲಿ ಚೆನ್ನಾಗಿ ಕಥೆ ಹೇಳಬಲ್ಲ ಉಪಾಧ್ಯಾಯರು ಇಪ್ಪತ್ತು ಮಂದಿಯಾದರೂ ಇದ್ದಾರು. ಅವರ ದನಿಯಲ್ಲಿ, ನಮ್ಮ ಸೀಮೆಯ ಮಾತಿನಲ್ಲಿ, ಐದೈದು ನಿಮಿಷದ ಪಾಠಗಳನ್ನು ಅಲ್ಲಿ ಮಾಡಿಸಿ ಶಾಲೆಗಳಿಗೆ ಹಂಚಬಾರದೆ? ಪಠ್ಯಪುಸ್ತಕದಲ್ಲಿ ಕ್ಯೂಆರ್ ಚೌಕಗಳನ್ನು ಅಚ್ಚು ಮಾಡಿದ್ದಾರೆ. ಅದನ್ನು ತೆರೆಯುವ ಮೊಬೈಲು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಆದ್ದರಿಂದ ಪಾಠವನ್ನು ಶಾಲೆಯ ಪೆನ್‌ಡ್ರೈವಿನಲ್ಲಿ ಇಟ್ಟಿರುವುದೇ ಕ್ಷೇಮ.

ಪರೀಕ್ಷೆಯ ಮಾತೂ ಇದೆ. ಬಿಟ್ಟ ಸ್ಥಳದಲ್ಲಿ 1453 ಎಂದು ತುಂಬಿದರೆ ಸಾಕಾಗಿರುವವರೆಗೆ ಯಾವ ಉಪಾಧ್ಯಾಯರು ತಾನೆ ತಂತಿ ಕೂಡಿಸುವ ತೊಂದರೆ ತೆಗೆದುಕೊಂಡಾರು? ನಾನವರನ್ನು ದೂರುವುದಿಲ್ಲ. ಒಬ್ಬರೇ ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವವರಿಗೆ ಯಂತ್ರವು ಇನ್ನೊಂದು ಹೊರೆಯಾಗಿ ಕಾಣುವುದು ಸಹಜ.

ನಾಲ್ಕನೆಯ ದಿನ, ಅಂದರೆ ನನ್ನ ಕೊನೆಯ ದಿನ, ಆ ಹುಡುಗಿ ಬಂದಿರಲಿಲ್ಲ. ಕಲ್ಲಿನ ಕೆಲಸದವರು ಬೇರೆ ಊರಿಗೆ ಹೋಗಿದ್ದರಂತೆ. ಮೂರು ವಾರದ ಮೇಲೆ ತಿರುಗಿ ಬಂದಿದ್ದಾಳೆಂದು ತಿಳಿದು, ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಹೋಗಿ, ಅವತ್ತು ನಾನು ಹೇಳಿದ್ದು ತಪ್ಪು ಕಣಮ್ಮ ಎಂದು ಒಪ್ಪಿಕೊಂಡು, ಆ ಕುಶಲಕರ್ಮಿಗಳ ಮುಷ್ಕರದ ಕಥೆಯನ್ನು ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: “ಆಮೇಲೆ ಕೊಟ್ರಾ ಸಾರ್?” ಕೊಟ್ಟರು, ಆದರೆ ಮತ್ತೆ ತಡಮಾಡಿದರು, ಇವರು ಮತ್ತೆ ಹೋಗಿ ಕುಳಿತರು ಎಂದೆ.

ಈ ವರ್ಷವೂ ಶನಿವಾರದ ಬೆಳಗಿನ ತರಗತಿಗಳನ್ನು ತೆಗೆದುಕೊಳ್ಳಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬೀಗದಕೈಯ ಒಂದು ನಕಲು ಮಾಡಿಸಿಯಾಗಿದೆ. ಎಂಟು ಮೀಟರು ಉದ್ದದ ತಂತಿಯೊಂದು ಬೇಕು. ನಮ್ಮ ತರಗತಿಯ ಮಿತ್ರರು ಚಂದಾ ಎತ್ತಿ ಕೊಡಿಸುವುದಾಗಿ ಹೇಳಿದ್ದಾರೆ.